ಒಂದೇ ಗೆರೆ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿ, ಹೊಂಗನೂರು)

ಚಿತ್ರಕಲೆಯನ್ನು ಕುರಿತು ಬರೆಯಲು ನನಗೆ ಯಾವ ಅಧಿಕಾರವೂ ಇಲ್ಲ. ಪ್ರೌಢಶಾಲೆಯಲ್ಲಿ ನಾನು ಬರೆದ ಹೂಜಿಯ ಚಿತ್ರವನ್ನು ನೋಡಿ ಡ್ರಾಯಿಂಗ್ ಮೇಷ್ಟರು, ‘ಇದೇನಪ್ಪ, ಕುಂಬಳಕಾಯಿಯೇ?’ ಎಂದು ಕೇಳಿದ್ದರು. ಅಂಥವನು ೧೬೪೯ರಲ್ಲಿ ಫ್ರಾನ್ಸಿನಲ್ಲಿ ಅಚ್ಚಾದ ಒಂದು ಚಿತ್ರದ ವಿಚಾರವಾಗಿ ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಗೆ ಬರೆಯಹೊರಟಿರುವುದು ಸಾಹಸವೇ ಸರಿ. ಆದರೂ ಬರೆಯುತ್ತಿದ್ದೇನೆ. ಆ ಚಿತ್ರದ ದೆಸೆಯಿಂದ ನಮ್ಮ ಮನೆಯಲ್ಲೇ ಇದ್ದ ಒಂದು ವಿದ್ಯೆ ನನ್ನ ಕಣ್ಣಿಗೆ ಬಿತ್ತು. ಅದನ್ನು ಮಿತ್ರರ ಮತ್ತು ಗುರುಗಳ ಮುಂದೆ ಒಪ್ಪಿಸಿಬಿಟ್ಟರೆ ನನ್ನ ಮನಸ್ಸು ಹಗುರಾಗುತ್ತದೆ.

ಕಳೆದ ವರ್ಷ ನಮ್ಮ ಇತಿಹಾಸದ ಮೇಷ್ಟರು ನಮ್ಮನ್ನು ಮಂಗಳೂರಿಗೆ ಪ್ರವಾಸ ಕರೆದುಕೊಂಡು ಹೋಗಿದ್ದುದು ಅನೇಕರಿಗೆ ನೆನಪಿರಬಹುದು. ಘಟ್ಟದ ತಿರುವುಗಳಲ್ಲಿ ವಾಂತಿ ಮಾಡಿಕೊಂಡವರಿಗಂತೂ ಖಂಡಿತ ನೆನಪಿದೆ. ಅಲ್ಲಿ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಮಂದಿರವನ್ನು ನೋಡಿದೆವು. ಅದರ ಗೋಡೆ, ಛಾವಣಿಗಳ ತುಂಬ ಚಿತ್ರಗಳು. ಬರೆದವರು ಆಂಟೋನಿಯೋ ಮೊಸ್ಕೇನಿ ಎಂಬ ಇಟಲಿಯ ಜೆಸುಯಿಟ್ ಸಹೋದರರು. ೧೮೫೪ರಲ್ಲಿ ಹುಟ್ಟಿ, ೧೮೯೮ರಲ್ಲಿ ಮಂಗಳೂರಿಗೆ ಬಂದು, ಈ ಕೆಲಸವನ್ನು ಕೆಲವೇ ವರ್ಷಗಳಲ್ಲಿ ಮುಗಿಸಿ, ೧೯೦೫ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು. ನಾನು ಕತ್ತೆತ್ತಿ ನೋಡಿದೆ. ಚಪ್ಪಟೆಯಾದ ಜಾಗದಲ್ಲಿ ಬರೆದ ಅಲಂಕಾರ ಗಾರೆಯಲ್ಲಿ ಉಬ್ಬಿಸಿದಂತೆ ಕಾಣುತ್ತಿತ್ತು. ಗೋಡೆಗೆ ಒತ್ತಿ ನಿಂತಾಗ ಕಂಡದ್ದು ಒಂದು ಬಗೆ, ನಡುವೆ ಬಂದು ನಿಂತಾಗ ಕಂಡದ್ದು ಇನ್ನೊಂದು ಬಗೆ. ‘ಸಾರ್, ಇದು ಬಣ್ಣವೋ, ಗಾರೆಯೋ?’ ಎಂದು ಕೇಳಿದೆ. ಮೇಷ್ಟರು ನಕ್ಕು, ‘ಈ ಮೋಸಕ್ಕೆ ಮುನ್ನೂರು ವರ್ಷಕ್ಕೂ ಹಿಂದಿನ ಒಂದು ಪುಸ್ತಕವಿದೆ. ಊರಿಗೆ ಹೋದ ಮೇಲೆ ತೋರಿಸುತ್ತೇನೆ’ ಎಂದರು.

ಮಾತಿಗೆ ತಪ್ಪದೆ ತೋರಿಸಿದರು. ಆ ಪುಸ್ತಕ ಬರೆದವನು ಆಂದ್ರೆಯ ಪೊಟ್ಸೊ. ಅವನೂ ಮೊಸ್ಕೇನಿಯವರಂತೆಯೇ ಚಿತ್ರಕಾರ, ಜೆಸುಯಿಟ್ ಸಹೋದರ. ಚಿತ್ರಕಾರರಿಗೂ ವಾಸ್ತುಶಿಲ್ಪಿಗಳಿಗೂ ಪರಿಪ್ರೇಕ್ಷ್ಯವನ್ನು ಕಲಿಸುವ ಅವನ ಗ್ರಂಥದ ಮೊದಲ ಸಂಪುಟ ರೋಮಿನಲ್ಲಿ ೧೬೯೩ರಲ್ಲಿ ಹೊರಬಿತ್ತು. ಅದರ ಜೀವವೆಲ್ಲ ತಾಮ್ರದ ಮೇಲೆ ಕೊರೆದು ಅಚ್ಚೊತ್ತಿದ ಚಿತ್ರಗಳಲ್ಲಿದೆ. ಅದನ್ನು ಆಧರಿಸಿ ೧೭೨೯ರಲ್ಲಿ ಚೀನಾದಲ್ಲಿಯೂ ಒಂದು ಪುಸ್ತಕ ಬಂದಿತೆಂದರೆ ಅದರ ಪ್ರಭಾವವನ್ನು ಊಹಿಸಬಹುದು.

ತಾಮ್ರದ ಮೇಲೆ ಕೊರೆಯುವುದು ನಮಗೇನೂ ಹೊಸತಲ್ಲ. ನಮ್ಮ ರಾಜರ ದಾನದತ್ತಿಗಳು ತಾಮ್ರಶಾಸನಗಳಲ್ಲಿಯೇ ಉಳಿದಿವೆ. ಆದರೆ ಶಾಸನದಲ್ಲಿ ಓದಬೇಕಾದದ್ದು ತಾಮ್ರವನ್ನೇ. ಯೂರೋಪಿನವರ ಈ ವಿದ್ಯೆಯಲ್ಲಿ ತಾಮ್ರ ಬರಿಯ ತಾಯಿ, ಚಿತ್ರ ಹುಟ್ಟುವುದು ಕಾಗದದಲ್ಲಿ. ನಯಗೊಳಿಸಿದ ತಗಡಿನ ಮೇಲೆ ಚೂಪಾದ ಉಕ್ಕಿನ ಉಳಿಯನ್ನು ಅಂಗೈಯಿಂದ ಮುಂದಕ್ಕೆ ನೂಕಿದರೆ ಸಣ್ಣ ಕಾಲುವೆ ಬೀಳುತ್ತದೆ. ಹೆಚ್ಚು ಒತ್ತಿದರೆ ಕಾಲುವೆ ಆಳವೂ ಅಗಲವೂ ಆಗುತ್ತದೆ. ಮೇಲೆ ಶಾಯಿ ಬಳಿದು, ತಗಡಿನ ಮೈಯನ್ನು ಒರೆಸಿಬಿಟ್ಟರೆ ಕಾಲುವೆಗಳಲ್ಲಿ ಮಾತ್ರ ಶಾಯಿ ನಿಲ್ಲುತ್ತದೆ. ಒದ್ದೆ ಮಾಡಿದ ಕಾಗದವನ್ನು ಹೊದಿಸಿ ಉರುಳೆಗಳ ನಡುವೆ ತಳ್ಳಿದರೆ ಕಾಗದ ಆ ಶಾಯಿಯನ್ನು ಹೀರಿಕೊಂಡು ಮೇಲೇಳುತ್ತದೆ. ಕೊರೆದದ್ದು ಕನ್ನಡಿಯಲ್ಲಿ ಕಂಡಂತೆ ಎಡಬಲ ಬದಲಾಗಿ ಮೂಡುತ್ತದೆ. ಬಣ್ಣವಿಲ್ಲ, ಕುಂಚವಿಲ್ಲ. ಬೆಳಕು, ಕತ್ತಲೆ, ಹತ್ತಿರ, ದೂರ, ಚರ್ಮ, ಬಟ್ಟೆ, ಕಲ್ಲು ಎಲ್ಲವನ್ನೂ ಗೆರೆಯೊಂದರಿಂದಲೇ ಹೇಳಬೇಕು.

ಪೊಟ್ಸೊನ ಪುಸ್ತಕದಲ್ಲಿ ಒಂದು ಪುಟ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ಯೇಸು ನೀರನ್ನು ದ್ರಾಕ್ಷಾರಸವಾಗಿ ಮಾಡಿದನೆಂದು ಬೈಬಲ್ಲು ಹೇಳುವ ಕಾನಾ ಊರಿನ ಮದುವೆಯ ಚಿತ್ರ ಅದು. ೧೬೮೫ರಲ್ಲಿ ರೋಮಿನ ಜೆಸು ಚರ್ಚಿನಲ್ಲಿ ನಲವತ್ತು ಗಂಟೆಗಳ ಆರಾಧನೆಗಾಗಿ ಪೊಟ್ಸೊ ಒಂದು ತಾತ್ಕಾಲಿಕ ರಂಗವನ್ನು ಕಟ್ಟಿದ್ದನು. ಬಣ್ಣ ಬಳಿದ ಚೌಕಟ್ಟುಗಳನ್ನು ಒಂದರ ಹಿಂದೊಂದು ನಿಲ್ಲಿಸಿ ಅರಮನೆಯಂಥ ಕಮಾನುಗಳನ್ನೂ ಕಂಬಗಳನ್ನೂ ತೋರಿಸಿದ್ದನು. ಆರಾಧನೆ ಮುಗಿಯಿತು, ರಂಗ ಹೋಯಿತು, ತಾಮ್ರದ ಗೆರೆ ಉಳಿಯಿತು.

ಇದನ್ನು ಕಂಡೊಡನೆ ನನಗೆ ನೆನಪಾದದ್ದು ನಮ್ಮ ಹಳ್ಳಿಗಳ ಕುರುಕ್ಷೇತ್ರ ನಾಟಕದ ದರ್ಬಾರು ಪರದೆ. ಬಾಡಿಗೆಗೆ ತಂದು ಕಟ್ಟುವ ಆ ಪರದೆಯಲ್ಲಿಯೂ ಎರಡು ಸಾಲು ಕಂಬಗಳು, ಕಪ್ಪುಬಿಳುಪಿನ ನೆಲಗಟ್ಟು, ದೂರದಲ್ಲಿ ಸಿಂಹಾಸನ. ಹಾರ್ಮೋನಿಯಮ್ಮಿನ ಪಕ್ಕದ ಮೂಲೆಯಲ್ಲಿ ಕುಳಿತ ನನಗೆ ಕಂಬಗಳೆಲ್ಲ ವಾಲಿದಂತೆ ಕಾಣುತ್ತಿದ್ದವು. ಮುಂದಿನ ಸಾಲಿನ ನಟ್ಟನಡುವೆ ಚಾಪೆ ಹಾಸಿಕೊಂಡ ದೊಡ್ಡವರಿಗೆ ಅದೇ ಕಂಬಗಳು ನೆಟ್ಟಗೆ ಒಳಕ್ಕೆ ಹೋಗುತ್ತಿದ್ದವು. ಇನ್ನು ದುರ್ಯೋಧನನೇನಾದರೂ ಹಾಡಿನ ಭರದಲ್ಲಿ ನಾಲ್ಕು ಹೆಜ್ಜೆ ಹಿಂದಕ್ಕೆ ಸರಿದನೋ, ಅರಮನೆಯ ಕಂಬ ಅವನ ಸೊಂಟಕ್ಕೆ ಬರುತ್ತಿತ್ತು! ಕುಣಿಯಲಾರದವಳು ನೆಲ ಡೊಂಕು ಎಂದಳೆಂಬ ಗಾದೆಯನ್ನು ಇಲ್ಲಿ ಸ್ವಲ್ಪ ತಿರುಗಿಸಿ ಹೇಳಬೇಕು. ನಿಲ್ಲಬೇಕಾದ ಕಡೆ ನಿಲ್ಲದವನಿಗೆ ನೆಲ ನಿಜವಾಗಿಯೇ ಡೊಂಕು.

ಪರಿಪ್ರೇಕ್ಷ್ಯವೆಂಬ ದೊಡ್ಡ ಮಾತಿನ ತಿರುಳು ಇಷ್ಟೇ. ಚನ್ನಪಟ್ಟಣದ ಸ್ಟೇಷನ್ನಿನಲ್ಲಿ ನಿಂತು ಮೈಸೂರಿನ ಕಡೆ ನೋಡಿದರೆ ಎರಡು ಕಂಬಿಗಳು ದೂರದಲ್ಲಿ ಕೂಡಿದಂತೆ ಕಾಣುತ್ತವಷ್ಟೆ. ಹಾಗೆ, ನಮ್ಮಿಂದ ದೂರ ಸಾಗುವ ಸಮಾನಾಂತರ ಗೆರೆಗಳನ್ನೆಲ್ಲ ನಮ್ಮ ಕಣ್ಣಿನ ಮಟ್ಟದಲ್ಲಿರುವ ಒಂದು ಬಿಂದುವಿಗೆ ಎಳೆದರೆ ಚಪ್ಪಟೆ ಕಾಗದ ಆಳವಾಗುತ್ತದೆ. ತಾಮ್ರದ ಕೆಲಸದವನು ಇದಕ್ಕೆ ಇನ್ನೊಂದು ಉಪಾಯವನ್ನು ಸೇರಿಸುತ್ತಾನೆ. ಹತ್ತಿರದ ಕಂಬವನ್ನು ಆಳವಾದ, ದಪ್ಪ ಗೆರೆಗಳಿಂದ ಕೊರೆಯುತ್ತಾನೆ. ದೂರದ ಕಂಬಕ್ಕೆ ಉಳಿಯನ್ನು ತೇಲಿಸುತ್ತಾನೆ. ಆಗ ದೂರದ್ದು ಚಿಕ್ಕದಾಗುವುದರ ಜೊತೆಗೆ ಮಂಜಿನಲ್ಲಿದ್ದಂತೆ ಮಸುಕಾಗುತ್ತದೆ.

ಆದರೆ ಈ ಉಪಾಯಕ್ಕೆ ಒಂದು ನಿಬಂಧನೆಯುಂಟು. ನೋಡುವವನು ಚಿತ್ರಕಾರ ಹೇಳಿದ ಕಡೆ ನಿಲ್ಲಬೇಕು. ರೋಮಿನ ಸಂತ ಇಗ್ನೇಷಿಯಸ್ ಚರ್ಚಿನ ಛಾವಣಿಯನ್ನು ಪೊಟ್ಸೊ ಆಕಾಶದವರೆಗೆ ತೆರೆದಂತೆ ಚಿತ್ರಿಸಿದ್ದಾನೆ. ಅದನ್ನು ಎಲ್ಲಿ ನಿಂತು ನೋಡಬೇಕೆಂಬುದಕ್ಕೆ ನೆಲದಲ್ಲಿ ಒಂದು ಅಮೃತಶಿಲೆಯ ಬಿಲ್ಲೆಯನ್ನೇ ಕೂಡಿಸಲಾಗಿದೆ. ಅದರಿಂದ ಪಕ್ಕಕ್ಕೆ ಸರಿದರೆ ಕಂಬಗಳು ಬೀಳತೊಡಗುತ್ತವೆ. ಗೆರೆಗಳನ್ನೆಲ್ಲ ದೇವರ ಮಹಿಮೆಯೆಂಬ ಒಂದೇ ಬಿಂದುವಿಗೆ ಎಳೆಯಬೇಕೆಂದು ಅವನು ತನ್ನ ಪುಸ್ತಕದ ಓದುಗನಿಗೆ ಬುದ್ಧಿ ಹೇಳುತ್ತಾನೆ. ಅವನಿಗೆ ಅದು ಗಣಿತವೂ ಹೌದು, ಭಕ್ತಿಯೂ ಹೌದು. ಬರೋಕ್ ಎಂದು ಕರೆಯುವ ಆ ಕಾಲದ ಕಲೆಯ ಗುಣವೇ ಇದು. ನೋಡುವವನನ್ನು ಅದು ದೂರದಲ್ಲಿ ಸುಮ್ಮನೆ ಕೂರಗೊಡುವುದಿಲ್ಲ. ಕೈಹಿಡಿದು ತಂದು ಒಂದು ಜಾಗದಲ್ಲಿ ನಿಲ್ಲಿಸಿ, ‘ಈಗ ನೋಡು’ ಎನ್ನುತ್ತದೆ.

ಇದೆಲ್ಲ ಮುಗಿದ ಮೇಲೆ ಮೇಷ್ಟರು ತೆರೆಯ ಮೇಲೆ ಇನ್ನೊಂದು ಚಿತ್ರವನ್ನು ತೋರಿಸಿದರು. ಕ್ಲೋದ್ ಮೆಲಾನ್ ಎಂಬ ಫ್ರೆಂಚ್ ಕೆತ್ತನೆಗಾರನು ೧೬೪೯ರಲ್ಲಿ ಮಾಡಿದ್ದು. ಸುಮಾರು ೪೩ ಸೆಂಟಿಮೀಟರ್ ಎತ್ತರ, ೩೧ ಸೆಂಟಿಮೀಟರ್ ಅಗಲ. ಯೇಸು ಶಿಲುಬೆಯನ್ನು ಹೊತ್ತು ಹೋಗುತ್ತಿದ್ದಾಗ ವೆರೋನಿಕಾ ಎಂಬ ಹೆಂಗಸು ತನ್ನ ಬಟ್ಟೆಯಿಂದ ಅವನ ಮುಖವನ್ನು ಒರೆಸಿದಳಂತೆ. ಬಟ್ಟೆಯ ಮೇಲೆ ಅವನ ಮುಖ ಹಾಗೆಯೇ ಮೂಡಿತಂತೆ. ಆ ಬಟ್ಟೆ, ಆ ಮುಖ, ಮುಳ್ಳಿನ ಕಿರೀಟ, ರಕ್ತದ ಹನಿ. ಇಷ್ಟೇ ಚಿತ್ರ. ಹಿಂದೆ ಊರಿಲ್ಲ, ಬೆಟ್ಟವಿಲ್ಲ, ಒಂದು ಕಂಬವೂ ಇಲ್ಲ. ಬಟ್ಟೆಯ ಮೇಲೆ ಒತ್ತಿ ಮೂಡಿದ ಮುಖವನ್ನು ಕಾಗದದ ಮೇಲೆ ಒತ್ತಿ ಮೂಡಿಸುವುದಕ್ಕೆ ಅಚ್ಚಿನ ಕೆಲಸದಷ್ಟು ತಕ್ಕ ವಿದ್ಯೆ ಬೇರೆ ಯಾವುದಿದ್ದೀತು?

ಮೇಷ್ಟರು, ‘ಇದರಲ್ಲಿ ಎಷ್ಟು ಗೆರೆಗಳಿವೆ?’ ಎಂದರು. ಒಬ್ಬ ಐನೂರು ಎಂದ, ಇನ್ನೊಬ್ಬಳು ಸಾವಿರ ಎಂದಳು. ಹಿಂದಿನ ಬೆಂಚಿನಿಂದ ‘ಹತ್ತು ಸಾವಿರ, ಸಾರ್’ ಎಂಬ ಹರಾಜಿನ ಕೂಗೂ ಬಂತು. ಮೇಷ್ಟರು, ‘ಒಂದು’ ಎಂದರು. ನಾವು ನಂಬಲಿಲ್ಲ. ‘ಹಾಗಾದರೆ ಆ ಒಂದು ಎಲ್ಲಿಂದ ಪ್ರಾರಂಭವಾಗುತ್ತದೆ? ನಾಳೆ ಹೇಳಿ’ ಎಂದು ಪ್ರತಿಯೊಬ್ಬರಿಗೂ ಒಂದೊಂದು ಅಚ್ಚಿನ ಹಾಳೆಯನ್ನು ಕೊಟ್ಟು ಕಳುಹಿಸಿದರು. ನಾನು ಬಸ್ಸಿನಲ್ಲಿಯೇ ಹುಡುಕಿದೆ. ಕಿರೀಟದ ಮುಳ್ಳಿನಿಂದಲೋ, ಕಿವಿಯ ಬಳಿಯಿಂದಲೋ, ಬಟ್ಟೆಯ ಅಂಚಿನಿಂದಲೋ ತಿಳಿಯಲಿಲ್ಲ.

ಇಲ್ಲಿ ನಮ್ಮ ತಂದೆಯವರ ವಿಚಾರ ಹೇಳಬೇಕು. ಅವರು ಶಾಲೆಗೆ ಹೋದದ್ದು ಮೂರನೆಯ ತರಗತಿಯವರೆಗೆ. ಇರುವ ತುಂಡು ಹೊಲದಲ್ಲಿ ರಾಗಿಯಾಗುತ್ತದೆ, ಸಂಸಾರ ಸಾಗುವುದಿಲ್ಲ. ಆದುದರಿಂದ ಚಿಕ್ಕಂದಿನಿಂದಲೂ ಹೊಂಗನೂರಿನಿಂದ ಚನ್ನಪಟ್ಟಣಕ್ಕೆ ಹೋಗಿ ಬೊಂಬೆ ಕಡೆಯುತ್ತಾರೆ. ಕಲಿತದ್ದು ಅಲ್ಲಿನ ಒಬ್ಬ ಮುಸಲ್ಮಾನ ಉಸ್ತಾದರ ಕೈಕೆಳಗೆ. ಹಾಲೆ ಮರದ ತುಂಡು ಲೇತಿನಲ್ಲಿ ಗಿರ್ರನೆ ತಿರುಗುತ್ತಿರುವಾಗ ಉಳಿ ಹಿಡಿದು ಆಕಾರ ತರುವುದು, ಅರಗಿನ ಕಡ್ಡಿಯನ್ನು ಒತ್ತುವುದು, ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿದ ಮೇಲೆ ಒಣ ತಾಳೆಗರಿಯಿಂದ ತಿಕ್ಕಿ ಹೊಳಪು ಕೊಡುವುದು. ಕಡ್ಡಿಯ ಅಂಚನ್ನು ಸೋಕಿಸಿದರೆ ನೂಲಿನಂಥ ಗೆರೆ, ಒತ್ತಿ ಹಿಡಿದರೆ ಅಗಲವಾದ ಪಟ್ಟಿ. ನಾನು ಹುಟ್ಟಿದಾಗಿನಿಂದ ಅವರ ಬಟ್ಟೆಯಲ್ಲಿ ಅರಗಿನ ವಾಸನೆಯಿದೆ.

ಮೊದಲನೆಯ ವರ್ಷ ಕಾಲೇಜಿಗೆ ಸೇರುವಾಗ ಅರ್ಜಿಯಲ್ಲಿ ‘ತಂದೆಯ ಉದ್ಯೋಗ’ ಎಂಬಲ್ಲಿ ನಾನು ‘ವ್ಯಾಪಾರ’ ಎಂದು ಬರೆದೆ. ಯಾರೂ ಹಾಗೆ ಬರೆಯೆಂದು ಹೇಳಿರಲಿಲ್ಲ. ಮುಂದೆ ನಿಂತಿದ್ದ ಹುಡುಗನ ಅರ್ಜಿಯಲ್ಲಿ ‘ಉಪಾಧ್ಯಾಯರು’ ಎಂದಿತ್ತು. ಹಿಂದಿನವನದರಲ್ಲಿ ಏನಿತ್ತೋ ತಿರುಗಿ ನೋಡುವ ಧೈರ್ಯ ನನಗಾಗಲಿಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆ ಅರ್ಜಿಯ ಶುಲ್ಕ ಬೊಂಬೆಯ ದುಡ್ಡೇ ಆಗಿತ್ತು.

ಆ ಸಂಜೆ ಅಪ್ಪ ಕೈಕಾಲು ತೊಳೆದು ಜಗುಲಿಯ ಮೇಲೆ ಕುಳಿತಿದ್ದರು. ‘ಏನ್ಲಾ ಅದು?’ ಎಂದರು. ಹಾಳೆಯನ್ನು ಕೊಟ್ಟೆ. ಕನ್ನಡಕವಿಲ್ಲದ್ದರಿಂದ ಕೈ ಚಾಚಿ ದೂರ ಹಿಡಿದು ನೋಡಿದರು. ‘ಪಾಪ, ಏಟು ನೋವು ತಿಂದವ್ನೆ’ ಎಂದರು. ಆಮೇಲೆ ಬೆಳಕಿನ ಕೆಳಗೆ ಹೋಗಿ ಕಣ್ಣಿನ ಹತ್ತಿರಕ್ಕೆ ತಂದರು. ಅಷ್ಟು ಹತ್ತಿರದಿಂದ ನೋಡಿದರೆ ಮುಖ ಕರಗಿಹೋಗಿ ಬರಿಯ ಗೆರೆ ಉಳಿಯುವುದು ನನಗೆ ಬಸ್ಸಿನಲ್ಲಿಯೇ ತಿಳಿದಿತ್ತು. ಅಪ್ಪ ಒಂದು ನಿಮಿಷವೂ ತಡೆಯಲಿಲ್ಲ. ಹೆಬ್ಬೆರಳನ್ನು ಮೂಗಿನ ತುದಿಯ ಮೇಲಿಟ್ಟು, ‘ಇಲ್ಲಿಂದ ಸುರು ಮಾಡವ್ನೆ ನೋಡು’ ಎಂದರು.

ನಾನು ಬೆರಗಾದೆ. ನಿಜವಾಗಿಯೂ ಅಲ್ಲಿಂದಲೇ! ಮೂಗಿನ ತುದಿಯಲ್ಲಿ ಸಣ್ಣ ಸುಳಿಯಾಗಿ ಹೊರಟ ಗೆರೆ ಸುತ್ತಿಕೊಂಡು ಸುತ್ತಿಕೊಂಡು ಕೆನ್ನೆ, ಕಣ್ಣು, ಹಣೆ, ಗಡ್ಡ, ಮುಳ್ಳು, ಕೂದಲುಗಳನ್ನೆಲ್ಲ ದಾಟಿ ಬಟ್ಟೆಯ ಮೇಲೂ ಹರಡಿತ್ತು. ಎಲ್ಲಿಯೂ ಒಂದು ಗೆರೆ ಇನ್ನೊಂದನ್ನು ಕತ್ತರಿಸಿರಲಿಲ್ಲ. ಹಣೆಯ ಮೇಲೆ ಬೆಳಕು ಬಿದ್ದ ಕಡೆ ಗೆರೆ ಕೂದಲಿನಷ್ಟು ಸಣ್ಣ. ಕಣ್ಣಿನ ಗುಳಿಯಲ್ಲಿ ಅದೇ ಗೆರೆ ಉಬ್ಬಿ ಪಕ್ಕದ ಸುತ್ತನ್ನು ಮುಟ್ಟುವಷ್ಟು ದಪ್ಪ. ಕಣ್ಣು, ಮೂಗು, ತುಟಿಗಳ ಅಂಚನ್ನು ತೋರಿಸುವ ಪ್ರತ್ಯೇಕ ಗೆರೆಯೇ ಇಲ್ಲ. ನಮಗೆ ಶಾಲೆಯಲ್ಲಿ ಗೆರೆಯೆಂದರೆ ವಸ್ತುವಿನ ಬೇಲಿ ಎಂದು ಕಲಿಸಿದ್ದರು. ಮೊದಲು ಸುತ್ತುಗೆರೆ, ಆಮೇಲೆ ಒಳಗೆ ಬಣ್ಣ. ಮೆಲಾನನಿಗೆ ಬೇಲಿ ಬೇಕಾಗಿಲ್ಲ. ಗೆರೆಯ ಮೈ ತುಂಬಿದಾಗ ನೆರಳು, ಬಡವಾದಾಗ ಬೆಳಕು. ಅಷ್ಟರಿಂದಲೇ ಮುಖ ಏಳುತ್ತದೆ. ಬೇರೆ ಕೆತ್ತನೆಗಾರರು ಕತ್ತಲೆ ಬೇಕಾದಾಗ ಗೆರೆಯ ಮೇಲೆ ಅಡ್ಡಗೆರೆ ಹಾಕಿ ಬಲೆ ಹೆಣೆಯುತ್ತಿದ್ದರು. ಇವನು ಅದನ್ನೂ ಬಿಟ್ಟುಕೊಟ್ಟನು. ಒಬ್ಬನೇ ಆದವನು ಒಂದರಿಂದಲೇ ರೂಪುಗೊಂಡನೆಂಬ ಅರ್ಥದ ಲ್ಯಾಟಿನ್ ಮಾತು ಚಿತ್ರದ ಕೆಳಗಿದೆ. ಒಬ್ಬನೇ ದೇವಪುತ್ರ, ಒಂದೇ ಗೆರೆ.

‘ನಿನಗೆ ಹೆಂಗೆ ಗೊತ್ತಾಯ್ತಪ್ಪ?’ ಎಂದು ಕೇಳಿದೆ.

ಅಪ್ಪ ಒಳಗಿನಿಂದ ಒಂದು ಹಳೆಯ ಬುಗುರಿಯನ್ನು ತಂದರು. ‘ಬುಗುರಿ ನೆತ್ತಿ ನೋಡಿಲ್ವೇನೋ? ಮರ ತಿರುಗ್ತಾ ಇರ್ವಾಗ ಕಡ್ಡೀನ ನಡೂಮಧ್ಯ ಇಟ್ಟು ಹಂಗೇ ಹೊರಕ್ಕೆ ತಂದ್ರೆ ಇಂಗೇ ಸುತ್ಕೋತದೆ. ನಡುವೆ ಬಿಟ್ಟು ಬ್ಯಾರೆ ಕಡೆಯಿಂದ ಸುರು ಮಾಡಕ್ಕಾಗಾಕಿಲ್ಲ.’ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇವ್ನು ಕೆತ್ವಾಗ ಉಳಿ ತಿರುಗ್ತೋ, ತಗಡು ತಿರುಗ್ತೋ?’ ಎಂದರು. ನನಗೆ ಗೊತ್ತಿರಲಿಲ್ಲ. ಕೊನೆಗೆ, ‘ಇಷ್ಟುದ್ದ ಒಂದೇ ಉಸ್ರಿಗೆ ಯಾರ್ಗೂ ಆಗಾಕಿಲ್ಲ. ಎಲ್ಲೆಲ್ಲೋ ಕೈ ಎತ್ತವ್ನೆ. ಎತ್ತಿದ್ ಜಾಗ ಕಾಣ್ದಂಗೆ ಮತ್ತೆ ಇಟ್ಟವ್ನೆ. ಅದೇ ಕಸುಬು’ ಎಂದು ಹಾಳೆಯನ್ನು ಮಡಿಸದೆ ಹಿಂದಕ್ಕೆ ಕೊಟ್ಟರು. ಅವರ ಬೆರಳು ನಡುಗುತ್ತಿದ್ದುದನ್ನು ನಾನು ಅಂದೇ ಸರಿಯಾಗಿ ನೋಡಿದ್ದು. ಎರಡು ವರ್ಷಗಳಿಂದ ಅವರು ನೂಲುಗೆರೆಯ ಕೆಲಸವನ್ನು ಬೇರೆಯವರಿಗೆ ಬಿಟ್ಟು ದಪ್ಪ ಕೆಲಸವನ್ನು ಮಾತ್ರ ಮಾಡುತ್ತಿದ್ದಾರೆಂದು ಆಮೇಲೆ ಅವ್ವ ಹೇಳಿದಳು.

ಮಾರನೆಯ ದಿನ ತರಗತಿಯಲ್ಲಿ ನಾನು ಮೂಗಿನ ತುದಿಯನ್ನು ತೋರಿಸಿದೆ. ಮೇಷ್ಟರು ಮೆಚ್ಚಿದರು. ಅಪ್ಪನ ಪ್ರಶ್ನೆಯನ್ನು ನನ್ನದೆಂಬಂತೆ ಕೇಳಿದೆ. ಅವರು ಕೂಡಲೇ ಉತ್ತರಿಸದೆ, ನೋಡಿ ಹೇಳುತ್ತೇನೆಂದರು. ಒಂದು ವಾರದ ಮೇಲೆ ನನ್ನನ್ನು ಕರೆದು ಹೇಳಿದರು: ‘ಒಳ್ಳೆಯ ಪ್ರಶ್ನೆ ಕೇಳಿದೆ. ಕೆತ್ತನೆಗಾರರು ತಗಡನ್ನು ಮರಳು ತುಂಬಿದ ತೊಗಲಿನ ದಿಂಬಿನ ಮೇಲೆ ಇಟ್ಟುಕೊಳ್ಳುತ್ತಿದ್ದರು. ಬಾಗುಗೆರೆ ಬರುವಾಗ ಉಳಿಯ ಕೈ ಹೆಚ್ಚುಕಡಮೆ ನಿಂತಲ್ಲಿಯೇ ನಿಂತು, ಇನ್ನೊಂದು ಕೈ ತಗಡನ್ನು ಉಳಿಯ ಕಡೆಗೆ ತಿರುಗಿಸುತ್ತದೆ. ಈ ಪ್ರಶ್ನೆ ನಿನಗೆ ಹೇಗೆ ಹೊಳೆಯಿತು? ನಿಮ್ಮ ತಂದೆ ಏನು ಮಾಡುತ್ತಾರೆ?’

ಕಾಲೇಜಿನ ದಾಖಲೆಯಲ್ಲಿ ‘ವ್ಯಾಪಾರ’ ಎಂದಿದೆ. ಮೇಷ್ಟರು ಅದನ್ನು ನೋಡಿದ್ದರೋ ಇಲ್ಲವೋ ಕಾಣೆ. ಒಂದು ಗಳಿಗೆ ನನಗೆ ಬಾಯಿ ಬರಲಿಲ್ಲ. ಆಮೇಲೆ, ‘ಬೊಂಬೆ ಕಡೆಯುತ್ತಾರೆ, ಸಾರ್. ಪ್ರಶ್ನೆ ಅವರದೇ’ ಎಂದೆ. ಮೇಷ್ಟರು ‘ಹಾಗೋ!’ ಎಂದು, ಕುರ್ಚಿಯನ್ನು ತೋರಿಸಿ ಕುಳಿತುಕೊಳ್ಳಹೇಳಿ, ಲೇತಿನ ಕೆಲಸವನ್ನು ಕುರಿತು ಅರ್ಧ ಗಂಟೆ ಕೇಳಿದರು. ನನಗೆ ಗೊತ್ತಿದ್ದುದು ಐದು ನಿಮಿಷಕ್ಕೆ ಮುಗಿದುಹೋಯಿತು. ಮಿಕ್ಕದ್ದನ್ನು ಮನೆಯಲ್ಲಿ ಕೇಳಿಕೊಂಡು ಬರಬೇಕಾಯಿತು.

ಆ ಎರಡು ಚಿತ್ರಗಳನ್ನು ನಾನು ಈಗಲೂ ಒಟ್ಟಿಗೆ ನೆನೆಯುತ್ತೇನೆ. ಪೊಟ್ಸೊನ ಚಿತ್ರದಲ್ಲಿ ಗೆರೆಗಳೆಲ್ಲ ಓಡಿ ಕೂಡುವ ಬಿಂದು ನಮ್ಮಿಂದ ಎಲ್ಲಕ್ಕಿಂತ ದೂರದಲ್ಲಿದೆ. ಮೆಲಾನನ ಚಿತ್ರದಲ್ಲಿ ಗೆರೆ ಹೊರಡುವ ಬಿಂದು ಮೂಗಿನ ತುದಿ. ಆ ಮುಖದಲ್ಲಿ ನಮಗೆ ಎಲ್ಲಕ್ಕಿಂತ ಹತ್ತಿರವಾದದ್ದು ಅದೇ. ಒಬ್ಬನು ನಮ್ಮನ್ನು ಒಂದು ಕಡೆ ನಿಲ್ಲಿಸಿ ದೂರವನ್ನು ತೋರಿಸುತ್ತಾನೆ. ಇನ್ನೊಬ್ಬನು ದೂರವನ್ನೇ ಅಳಿಸಿ ಮುಖವನ್ನು ನಮ್ಮ ಮುಂದೆ ಹಿಡಿಯುತ್ತಾನೆ. ಎರಡೂ ದೇವರನ್ನು ಕಾಣಿಸುವ ದಾರಿಗಳೇ. ನಾನಾದರೋ ಕಾಲೇಜಿಗೆ ಬಂದು ಮೂರು ವರ್ಷ ದೂರದ ಬಿಂದುವನ್ನೇ ನೋಡುತ್ತ ನಿಂತಿದ್ದೆ. ನಾನು ನಿಂತ ಜಾಗದಿಂದ ನಮ್ಮ ಅಪ್ಪ ಚಿಕ್ಕದಾಗಿ ಕಂಡರೆ ಅದು ಅವರ ಅಳತೆಯ ದೋಷವಾಗಿರಲಿಲ್ಲ.

ಪದವಿ ಪರೀಕ್ಷೆ ಹತ್ತಿರ ಬಂದಿದೆ. ಈ ಸಲ ವಿದ್ಯಾರ್ಥಿವೇತನದ ಅರ್ಜಿಯನ್ನು ತುಂಬುವಾಗ ತಂದೆಯ ಉದ್ಯೋಗದ ಮುಂದೆ ‘ಅರಗಿನ ಬೊಂಬೆ ಕಡೆಯುವುದು’ ಎಂದು ಬರೆದೆ. ಗುಮಾಸ್ತರು ಅದನ್ನು ಓದಿ, ಏನೂ ಹೇಳದೆ ಮೊಹರು ಒತ್ತಿದರು.

ಮೇಷ್ಟರು ಕೊಟ್ಟ ಹಾಳೆ ಈಗ ನನ್ನ ಬಳಿ ಇಲ್ಲ. ಅಪ್ಪ ಅದನ್ನು ಕೇಳಿ ತೆಗೆದುಕೊಂಡು ಹೋಗಿ, ಲೇತಿನ ಎದುರಿನ ಗೋಡೆಗೆ ಅಂಟಿಸಿದ್ದಾರೆ. ಮರದ ಹೊಟ್ಟು ಕುಳಿತು ಸ್ವಲ್ಪ ಮಾಸಿದೆ. ಅಲ್ಲಿಗೆ ಬಂದವರಿಗೆಲ್ಲ ಗೆರೆ ಎಲ್ಲಿಂದ ಹೊರಡುತ್ತದೆಂದು ತೋರಿಸಿ ತೋರಿಸಿ, ಮೂಗಿನ ತುದಿಯಲ್ಲಿ ಅವರ ಹೆಬ್ಬೆರಳಿನ ಕೆಂಪು ಅರಗು ಹತ್ತಿಕೊಂಡಿದೆ.